ಮದ್ದಿಗಿಂತ ಮೊದಲು ಹುಲ್ಲು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕೊಟ್ಟಿಗೆಯ ದನಕ್ಕೆ ಹೊಟ್ಟೆ ಕೆಟ್ಟರೆ ಎಂತ ಮಾಡಬೇಕೆಂದು ಹೇಳುವ ಹಿರಿಯರು ಊರಿಗಿಬ್ಬರಾದರೂ ಸಿಗುತ್ತಾರೆ. ಮಕ್ಕಳ ಆಸೆಗೆಂದು ಮನೆಗೆ ತಂದ ಗಿನಿಪಿಗ್‌ಗೆ ಹೊಟ್ಟೆ ಕೆಟ್ಟರೆ ಕೇಳುವುದು ಯಾರಲ್ಲಿ? ಬೈಂದೂರಿನ ಶಾಲಾ ಶಿಕ್ಷಕಿಯೊಬ್ಬರಿಗೂ ಬ್ರಹ್ಮಾವರದಲ್ಲಿ ನೆಲೆಸಿರುವ ನಿವೃತ್ತ ಪಶುವೈದ್ಯರೊಬ್ಬರಿಗೂ ನಡುವೆ ನಡೆದ ಮಾತುಕತೆ ಇದು.

ಟೀಚರ್: ಡಾಕ್ಟ್ರೇ, ನಮ್ಮ ಗಿನಿಪಿಗ್‌ನ ಹೊಟ್ಟೆ ಸರಿಯಾಗುವುದೇ ಇಲ್ಲ. ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಹಿಕ್ಕೆ ಮೆತ್ತಗಾಗಿ ಹಿಂಭಾಗಕ್ಕೆಲ್ಲ ಅಂಟಿಕೊಳ್ಳುತ್ತದೆ. ಹಸಿ ಸೊಪ್ಪು ನಿಲ್ಲಿಸಿದರೆ ಗಟ್ಟಿಯಾಗುತ್ತದೆ, ಪುನಃ ಅದೇ ಕತೆ. ಮೆಡಿಕಲ್‌ನಲ್ಲಿ ಕೇಳಿದ್ದಕ್ಕೆ ಮಕ್ಕಳಿಗೆ ಕೊಡುವ ಈ ಸಿರಪ್ ಕೊಟ್ಟು, ನಾಲ್ಕು ಹನಿ ಹಾಕಿ ಅಂದರು. ಹಾಕುವ ಮೊದಲು ನಿಮ್ಮಲ್ಲಿ ಒಂದು ಮಾತು ಕೇಳುವ ಅಂತ ಬಂದೆ.

ಡಾಕ್ಟರ್: ಬಂದದ್ದು ಒಳ್ಳೆಯದಾಯಿತು. ಬಾಟಲಿ ಇತ್ತ ಕೊಡಿ. ಅಮಾಕ್ಸಿಸಿಲಿನ್. ಇದು ಬೇಡವೇ ಬೇಡ, ಟೀಚರೇ. ಪೆನಿಸಿಲಿನ್ ಜಾತಿಯ ಮದ್ದು ಇದು. ಮಕ್ಕಳ ಸೋಂಕು ಗುಣಪಡಿಸುವ ಇದೇ ಮದ್ದು ಗಿನಿಪಿಗ್‌ನ ಜೀವ ತೆಗೆಯಬಹುದು.

ಟೀಚರ್: ನಾಲ್ಕು ಹನಿಗೆ ಜೀವ ಹೋಗುವಷ್ಟಾ?

ಡಾಕ್ಟರ್: ಹೌದು. ಇದರ ಹಿಂದೆ ಒಂದು ಚರಿತ್ರೆಯೇ ಇದೆ. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಹೊವಾರ್ಡ್ ಫ್ಲೋರಿ ಅವರ ತಂಡ ಎಂಟು ಪುಟ್ಟ ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿತು. ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು, ನಾಲ್ಕಕ್ಕೆ ಕೊಡಲಿಲ್ಲ. ಬೆಳಗಾಗುವಾಗ ಮದ್ದು ಸಿಗದ ನಾಲ್ಕೂ ಸತ್ತಿದ್ದವು. ಪೆನಿಸಿಲಿನ್ ಮದ್ದಾಗಿ ಜಗತ್ತಿಗೆ ಬಂದದ್ದು ಹಾಗೆ. 1943ರಲ್ಲಿ ಅಮೆರಿಕದ ಸಂಶೋಧಕರು ಅದನ್ನೇ ಗಿನಿಪಿಗ್‌ಗಳಿಗೆ ಚುಚ್ಚಿ ನೋಡಿದರು. ಅವು ಸತ್ತವು. ಫ್ಲೋರಿ ಮೊದಲ ದಿನವೇ ಗಿನಿಪಿಗ್ ಹಿಡಿದುಕೊಂಡಿದ್ದರೆ ಪೆನಿಸಿಲಿನ್ ವಿಷವೆಂದು ಬದಿಗೆ ಬೀಳುತ್ತಿತ್ತೋ ಏನೋ.

ಟೀಚರ್: ಇಲಿಗೆ ಆಗದ್ದು ಇದಕ್ಕೆ ಯಾಕೆ ಆಗುತ್ತದೆ?

ಡಾಕ್ಟರ್: ಹೊಟ್ಟೆಯ ಒಳಗಿನ ವ್ಯವಸ್ಥೆಯೇ ಬೇರೆ. ನಿಮ್ಮ ಮನೆಯಲ್ಲಿ ದನ ಇತ್ತಲ್ಲ? ದನ ಹುಲ್ಲನ್ನು ಮೊದಲು ಮುಂದಿನ ಹೊಟ್ಟೆಯಲ್ಲಿ ಹುಳಿಸುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಗಿನಿಪಿಗ್ ಹುಳಿಸುವುದು ಹಿಂದೆ, ದೊಡ್ಡ ಕರುಳಿನ ಆರಂಭದಲ್ಲಿರುವ ಸೀಕಮ್ ಎಂಬ ಚೀಲದಲ್ಲಿ. ಕರುಳಿನಲ್ಲಿ ಇರುವುದರ ಸುಮಾರು ಮೂರರಲ್ಲಿ ಎರಡು ಪಾಲು ಆ ಚೀಲದಲ್ಲೇ ಇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳೇ ಹುಲ್ಲಿನ ನಾರನ್ನು ಕರಗಿಸಿ ಅದಕ್ಕೆ ಶಕ್ತಿ ಕೊಡುವುದು. ಪೆನಿಸಿಲಿನ್ ಜಾತಿಯ ಮದ್ದು ಈ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೆರವಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದು ವಿಷ ಬಿಡುತ್ತದೆ. ಕೆಲವೇ ದಿನಗಳಲ್ಲಿ ಪ್ರಾಣಿ ಹೋಗುತ್ತದೆ. ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್ ಎಲ್ಲವೂ ಇದೇ ಪಟ್ಟಿಯವು. ಆಂಟಿಬಯಾಟಿಕ್ ಬೇಕೇ ಬೇಕೆಂದಾದರೆ ಎನ್ರೊಫ್ಲಾಕ್ಸಾಸಿನ್ ತರಹದ ಬೇರೆ ಮದ್ದುಗಳಿವೆ. ಅದನ್ನು ವೈದ್ಯರು ತೂಕ ನೋಡಿ ಕೊಡಬೇಕು, ಮೆಡಿಕಲ್‌ನವರಲ್ಲ.

ಟೀಚರ್: ಇನ್ನೊಂದು ವಿಷಯ, ಹೇಳಲು ಸ್ವಲ್ಪ ಸಂಕೋಚ. ಅದು ಬಗ್ಗಿ ತನ್ನ ಹಿಕ್ಕೆಯನ್ನೇ ತಿನ್ನುವುದನ್ನು ಮಗಳು ನೋಡಿದ್ದಾಳೆ.

ಡಾಕ್ಟರ್: ತಿನ್ನಲಿ, ತಡೆಯಬೇಡಿ. ಸೀಕಮ್‌ನಿಂದ ಬರುವ ಮೆತ್ತಗಿನ ಹಿಕ್ಕೆ ಬೇರೆ, ಕಸಕ್ಕೆ ಬೀಳುವ ಗಟ್ಟಿ ಹಿಕ್ಕೆ ಬೇರೆ. ಮೆತ್ತಗಿನದ್ದರಲ್ಲಿ ಬಿ ವಿಟಮಿನ್, ಪ್ರೋಟೀನ್ ಇರುತ್ತದೆ. ದನ ಮೆಲುಕು ಹಾಕಿ ಪಡೆಯುವುದನ್ನು ಇದು ಹೀಗೆ ಎರಡನೇ ಸಲ ತಿಂದು ಪಡೆಯುತ್ತದೆ. ಆದರೆ ಆ ಮೆತ್ತಗಿನ ಹಿಕ್ಕೆ ತಿನ್ನದೆ ಉಳಿದು ಮೈಗೆ ಅಂಟುತ್ತಿದ್ದರೆ ಕಾರಣ ಹುಡುಕಬೇಕು.

ಟೀಚರ್: ನಮ್ಮಲ್ಲಿ ಹೊಟ್ಟೆ ಕೆಟ್ಟರೆ ಮಜ್ಜಿಗೆ ಕೊಡುತ್ತೇವೆ. ದನಕ್ಕೆ ಹೊಟ್ಟೆ ಉಬ್ಬಿದರೆ ಎಣ್ಣೆ ಕುಡಿಸುವುದನ್ನು ನೋಡಿದ್ದೇನೆ. ಅಂಥದ್ದು ಎಂತಾದರೂ ಮಾಡಬಹುದಾ?

ಡಾಕ್ಟರ್: ಎರಡೂ ಬೇಡ. ಹಾಲಿನ ಯಾವ ಪದಾರ್ಥವೂ ಇದರ ಹೊಟ್ಟೆಗೆ ಸೇರಿದ್ದಲ್ಲ. ಎಣ್ಣೆ ಕುಡಿಸಲು ಹೋದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆಯೂ ಬೇಡ, ಕರುಳಿನ ಚಲನೆಯೇ ನಿಂತುಹೋಗುತ್ತದೆ. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಒಳಗೆ ಹೋದದ್ದು ಮುಂದೆಯೇ ಸಾಗಬೇಕು. ಈಗ ನೀವು ಹೇಳಿ, ದಿನವೂ ಅದಕ್ಕೆ ಎಂತ ಕೊಡುತ್ತೀರಿ?

ಟೀಚರ್: ಮಾರಿದವರು ಹೇಳಿದ ಹಾಗೆ ಪೆಲೆಟ್, ಕ್ಯಾರೆಟ್, ಎಲೆಕೋಸು, ಸೌತೆಕಾಯಿ. ಒಮ್ಮೊಮ್ಮೆ ಮಗಳು ಬಿಸ್ಕೆಟ್ ಕೊಡುತ್ತಾಳೆ, ಅವಲಕ್ಕಿಯೂ. ಬೈಹುಲ್ಲು ಒಂದು ಹಿಡಿ ಹಾಕಿರುತ್ತೇವೆ, ಅದನ್ನು ಹಾಸಿಗೆ ಮಾಡಿಕೊಂಡು ಮಲಗುತ್ತದೆ.

ಡಾಕ್ಟರ್: ಇದರಲ್ಲಿ ಹುಲ್ಲು ಎಲ್ಲಿದೆ, ಹೇಳಿ. ಇದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಪ್ರಾಣಿ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಸಾಕಿ ಪಳಗಿಸಿದರು. ಹುಲ್ಲು ತಿಂದೇ ಬೆಳೆದ ಹೊಟ್ಟೆ. ದಿನದ ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲೇ ಇರಬೇಕು. ಹಗಲೂ ರಾತ್ರಿ ಅದರ ಮುಂದೆ ಹುಲ್ಲು ಇರಬೇಕು. ಪೆಲೆಟ್ ಒಂದು ಚಮಚ, ಸೊಪ್ಪು ತರಕಾರಿ ಸ್ವಲ್ಪ. ಬಿಸ್ಕೆಟ್, ಅವಲಕ್ಕಿ, ಅನ್ನ, ಬ್ರೆಡ್ ಇವತ್ತಿಗೇ ನಿಲ್ಲಿಸಿ. ಹಿಟ್ಟು, ಸಕ್ಕರೆ ಸೀಕಮ್‌ಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾಗಳ ಸಮತೋಲ ಹದಗೆಡುತ್ತದೆ. ಎಲೆಕೋಸು ಗ್ಯಾಸ್ ತುಂಬಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹತ್ತಿರಕ್ಕೂ ತರಬೇಡಿ.

ಟೀಚರ್: ಬೈಹುಲ್ಲೇ ಜಾಸ್ತಿ ಹಾಕಿದರೆ ಸಾಕಲ್ಲ? ನಮ್ಮಲ್ಲಿ ಅದಕ್ಕೇನೂ ಬರ ಇಲ್ಲ.

ಡಾಕ್ಟರ್: ಬೈಹುಲ್ಲು ಪೈರಿನ ಸಾರ ಕಾಳಿಗೆ ಹೋದ ಮೇಲೆ ಉಳಿಯುವ ಕಡ್ಡಿ. ಸಿಲಿಕಾ ಜಾಸ್ತಿ, ಪೋಷಣೆ ಕಡಿಮೆ. ಜಗಿಯಲಿ, ತೊಂದರೆ ಇಲ್ಲ, ಆದರೆ ಅದೊಂದರಲ್ಲೇ ಬದುಕಲಾರದು. ಇನ್ನೊಂದು ಮುಖ್ಯ ವಿಷಯ ಇದೆ. ಕಾರ್ತಿ ಕೊಯ್ಲಿನ ಹೊತ್ತಿಗೆ ನಮ್ಮಲ್ಲಿ ಇನ್ನೂ ಮಳೆ ಬಿಟ್ಟಿರುವುದಿಲ್ಲ. ಗದ್ದೆಯಲ್ಲೇ ನೆನೆದ ಹುಲ್ಲನ್ನು ಕುತ್ರಿ ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಚಪ್ಪಲಿಗೂ ಬೂಷ್ಟು. ಹುಲ್ಲು ಬಿಡುತ್ತದೆಯಾ? ದನ ಹೇಗೋ ತಡೆದುಕೊಳ್ಳುವುದನ್ನು ಈ ಸಣ್ಣ ಜೀವ ತಡೆದುಕೊಳ್ಳಲಾರದು. ಒಂದು ಹಿಡಿ ಹುಲ್ಲು ತೆಗೆದು ಮೂಗಿನ ಹತ್ತಿರ ಹಿಡಿಯಿರಿ. ಮುಗ್ಗಲು ವಾಸನೆ ಬಂದರೆ, ಕೊಡವಿದಾಗ ಹುಡಿ ಹಾರಿದರೆ, ಕಪ್ಪು ಚುಕ್ಕೆ ಕಂಡರೆ ಗಿಡದ ಬುಡಕ್ಕೆ ಹಾಕಿ.

ಟೀಚರ್: ಹಾಗಾದರೆ ಮಳೆಗಾಲದಲ್ಲಿ ಎಂತ ಕೊಡುವುದು?

ಡಾಕ್ಟರ್: ಅನುಕೂಲ ಇದ್ದವರು ಟಿಮೊಥಿ ಒಣಹುಲ್ಲನ್ನು ಆನ್‌ಲೈನಿನಲ್ಲಿ ತರಿಸಿ ಗಾಳಿಯಾಡದ ಡಬ್ಬದಲ್ಲಿ ಇಟ್ಟುಕೊಳ್ಳಬಹುದು. ಇಲ್ಲದವರಿಗೆ ನಮ್ಮ ಗದ್ದೆ ಬದುವಿನ ಹುಲ್ಲು ಇದೆ, ಅಂಗಳದ ಗರಿಕೆ ಇದೆ, ಗಿನಿ ಹುಲ್ಲು, ನೇಪಿಯರ್ ಇದೆ. ಇಲ್ಲಿ ಬ್ರಹ್ಮಾವರದಲ್ಲೇ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ. ಮೇವಿನ ಹುಲ್ಲು ಬೆಳೆಸುವುದು ಹೇಗೆಂದು ಅಲ್ಲಿ ಕೇಳಬಹುದು. ಬೇಸಗೆಯ ಬಿಸಿಲಲ್ಲಿ ಹಸಿ ಹುಲ್ಲು ಕೊಯ್ದು ಒಣಗಿಸಿ ಮಳೆಗಾಲಕ್ಕೆ ಕಟ್ಟಿಡಬಹುದು, ನಮ್ಮ ಹಿರಿಯರು ಹಪ್ಪಳ ಸಂಡಿಗೆ ಮಾಡಿಡುತ್ತಿದ್ದ ಹಾಗೆ. ಮಳೆಗಾಲದಲ್ಲಿ ಕೊಯ್ದ ಹುಲ್ಲನ್ನು ತೊಳೆದು, ನೀರು ಬಸಿದು, ಫ್ಯಾನ್ ಕೆಳಗೆ ಹರಡಿ ಆರಿಸಿ ಕೊಡಿ. ರಾಶಿ ಹಾಕಿದರೆ ಒಳಗೆ ಬಿಸಿಯೇರಿ ಕೊಳೆಯುತ್ತದೆ. ಹೆದ್ದಾರಿ ಬದಿಯ ಹುಲ್ಲು ಬೇಡ, ಕಳೆನಾಶಕ ಹೊಡೆದ ತೋಟದ್ದು ಬೇಡ. ಕೊಯ್ಯುವಾಗ ನಾಚಿಕೆಮುಳ್ಳು, ಲಂಟಾನ, ಕೆಸುವಿನ ಎಲೆ ಸೇರದ ಹಾಗೆ ಕಾಣಿ. ಮತ್ತೆ, ಯಾವ ಬದಲಾವಣೆಯನ್ನೂ ಒಮ್ಮೆಲೇ ಮಾಡಬೇಡಿ. ಇವತ್ತು ಒಂದು ಎಳೆ, ನಾಳೆ ಎರಡು ಎಳೆ, ಹೀಗೆ ವಾರ ಹತ್ತು ದಿನದಲ್ಲಿ ಹೊಸ ಮೇವಿಗೆ ಒಗ್ಗಿಸಿ.

ಟೀಚರ್: ಸೊಪ್ಪು ತಿಂದೇ ಭೇದಿ ಆಗುತ್ತದೆಂದು ನಾವು ಸೊಪ್ಪನ್ನೇ ನಿಲ್ಲಿಸಿಬಿಡುತ್ತಿದ್ದೆವು.

ಡಾಕ್ಟರ್: ಎಲ್ಲರೂ ಮಾಡುವುದು ಅದನ್ನೇ. ಆದರೆ ಗಿನಿಪಿಗ್‌ನ ದೇಹ ವಿಟಮಿನ್ ಸಿ ತಯಾರಿಸುವುದಿಲ್ಲ. ಮನುಷ್ಯರಂತೆ ಅದೂ ತಿಂದೇ ಪಡೆಯಬೇಕು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಅವಕ್ಕೆ ಸ್ಕರ್ವಿ ಬಂತು. ಹಡಗಿನ ನಾವಿಕರನ್ನು ಕೊಲ್ಲುತ್ತಿದ್ದ ಅದೇ ರೋಗ. ವಸಡಿನಲ್ಲಿ ರಕ್ತ, ಗಂಟುಗಳಲ್ಲಿ ನೋವು, ಒರಟು ಕೂದಲು, ಮೇವು ಬಿಡುವುದು, ಭೇದಿ, ಎಲ್ಲ ಅದರ ಲಕ್ಷಣ. ಅಂದರೆ ಭೇದಿ ನಿಲ್ಲಲಿ ಎಂದು ಸೊಪ್ಪು ತಪ್ಪಿಸಿದರೆ, ಮುಂದೆ ಅದೇ ಕೊರತೆ ಭೇದಿಗೆ ದಾರಿ ಮಾಡುತ್ತದೆ. ದೊಡ್ಡ ಗಿನಿಪಿಗ್‌ಗೆ ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂ ಬೇಕು, ಗಬ್ಬದಲ್ಲಿದ್ದರೆ ಇನ್ನೂ ಜಾಸ್ತಿ. 20 ಗ್ರಾಂ ದೊಣ್ಣೆಮೆಣಸಿನಲ್ಲಿ ಅಷ್ಟು ಸಿಗುತ್ತದೆ. ಪೇರಳೆಯಲ್ಲಿ ಇನ್ನೂ ಹೆಚ್ಚಿದೆ, ಆದರೆ ಸಿಹಿ ಹಣ್ಣಾದ್ದರಿಂದ ಒಂದು ತೆಳು ಹೋಳು ಸಾಕು. ಕೊತ್ತಂಬರಿ ಸೊಪ್ಪು ಕೊಡಬಹುದು. ಬಸಳೆ, ಹರಿವೆಯಲ್ಲಿ ಆಕ್ಸಲೇಟ್ ಜಾಸ್ತಿ, ಅಪರೂಪಕ್ಕೆ ಒಂದೆರಡು ಎಲೆ ಸಾಕು. ಕುಡಿಯುವ ನೀರಿಗೆ ವಿಟಮಿನ್ ಹನಿ ಹಾಕುವವರಿದ್ದಾರೆ. ನೀರಿನಲ್ಲಿ ಅದು ಬೇಗ ಕೆಡುತ್ತದೆ, ಎಷ್ಟು ಕುಡಿಯಿತೆಂಬ ಲೆಕ್ಕವೂ ಸಿಗುವುದಿಲ್ಲ. ಹಳೆಯ ಪೆಲೆಟ್‌ನಲ್ಲಿಯೂ ವಿಟಮಿನ್ ಉಳಿದಿರುವುದಿಲ್ಲ, ತಯಾರಾದ ದಿನಾಂಕ ನೋಡಿ ಕೊಳ್ಳಿ.

ಟೀಚರ್: ಮಗಳು ಪ್ರತಿ ಭಾನುವಾರ ಅದನ್ನು ತೂಗಿ ಬರೆದಿಡುತ್ತಾಳೆ. ಪುಸ್ತಕ ತಂದಿದ್ದೇನೆ, ನೋಡುತ್ತೀರಾ?

ಡಾಕ್ಟರ್: ಅದನ್ನೇ ಮೊದಲು ಕೊಡಬೇಕಿತ್ತು. ಎಷ್ಟು ಚೆಂದ ಬರೆದಿದ್ದಾಳೆ! 912 ಗ್ರಾಂ, ಆಮೇಲೆ 868, ಈಗ 836. ನೂರಕ್ಕೆ ಎಂಟು ಪಾಲು ಇಳಿದಿದೆ. ಕೈಯಲ್ಲಿ ಎತ್ತಿದರೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ. ಇದೆಂತ ಬದಿಯಲ್ಲಿ, “ಹುಲ್ಲು ಬಾಯಿಗೆ ಹಾಕಿ ಬಿಟ್ಟಿತು, ಸೌತೆಕಾಯಿ ತಿಂದಿತು” ಅಂತ?

ಟೀಚರ್: ಹೌದು, ಈಚೆಗೆ ಹಾಗೇ. ಹುಲ್ಲು ಹಾಕಿದ ಕೂಡಲೇ ಓಡಿ ಬರುತ್ತದೆ, ಒಂದು ಎಳೆ ಎಳೆದುಕೊಂಡು ಸ್ವಲ್ಪ ಜಗಿದು ಕೆಳಗೆ ಹಾಕುತ್ತದೆ. ಮೆತ್ತಗಿನದ್ದು ಮಾತ್ರ ತಿನ್ನುತ್ತದೆ. ಗಲ್ಲದ ಕೆಳಗಿನ ಕೂದಲು ಒದ್ದೆಯಾಗಿರುತ್ತದೆ. ನೀರು ಕುಡಿದದ್ದೆಂದುಕೊಂಡೆವು.

ಡಾಕ್ಟರ್: ಅದು ಜೊಲ್ಲು ಇರಬೇಕು. ಟೀಚರೇ, ನನಗೆ ಈಗ ಇದರ ಹೊಟ್ಟೆಗಿಂತ ಹಲ್ಲಿನ ಮೇಲೆ ಅನುಮಾನ. ಗಿನಿಪಿಗ್‌ಗೆ ಇಪ್ಪತ್ತು ಹಲ್ಲು, ಇಪ್ಪತ್ತೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಗಂಟೆಗಟ್ಟಲೆ ಅರೆದರೆ ಮಾತ್ರ ಸವೆಯುತ್ತವೆ. ಹುಲ್ಲು ಸಾಲದಾದಾಗ ಕೆಳಗಿನ ದವಡೆ ಹಲ್ಲುಗಳು ಒಳಕ್ಕೆ ಬಾಗಿ ಬೆಳೆದು ನಾಲಿಗೆಯ ಮೇಲೆ ಸೇತುವೆ ಕಟ್ಟಿಬಿಡುತ್ತವೆ. ಹಸಿವು ಇರುತ್ತದೆ, ಜಗಿಯಲು ಆಗುವುದಿಲ್ಲ. ಹುಲ್ಲು ಬಿಟ್ಟು ಮೆತ್ತಗಿನದ್ದನ್ನೇ ಹುಡುಕುತ್ತದೆ. ನಾರು ಕಡಿಮೆಯಾಗಿ ಸೀಕಮ್ ಕೆಡುತ್ತದೆ, ಹಿಕ್ಕೆ ಮೆತ್ತಗಾಗುತ್ತದೆ. ನಮಗೆ ಕಣ್ಣಿಗೆ ಬೀಳುವುದು ಕೊನೆಯ ಹಿಕ್ಕೆ ಮಾತ್ರ. ಅದಕ್ಕೇ ಮದ್ದು ಹಾಕುತ್ತಾ ಹೋದರೆ ತಿಂಗಳುಗಟ್ಟಲೆ ಹೋದರೂ ಗುಣವಾಗುವುದಿಲ್ಲ.

ಟೀಚರ್: ಎದುರಿನ ಹಲ್ಲು ಚೆನ್ನಾಗಿಯೇ ಇದೆಯಲ್ಲ?

ಡಾಕ್ಟರ್: ಎದುರಿನದ್ದು ನೋಡಿ ಒಳಗಿನದ್ದು ಹೇಳಲಾಗದು. ಬಾಯಿ ಬಹಳ ಕಿರಿದು, ಕೆನ್ನೆ ಒಳಕ್ಕೆ ಮಡಚಿಕೊಂಡಿರುತ್ತದೆ. ಕಿವಿ ನೋಡುವ ದೀಪದ ಉಪಕರಣವನ್ನು ಬಾಯೊಳಗೆ ಇಟ್ಟು ನೋಡಬೇಕು, ಬೇಕಾದರೆ ಎಕ್ಸ್‌ರೇ ತೆಗೆಸಬೇಕು. ಇದು ನನ್ನ ಅನುಮಾನ ಅಷ್ಟೇ, ಪರೀಕ್ಷೆಯೇ ಹೇಳಬೇಕು. ಜೊತೆಗೆ ತಾಜಾ ಹಿಕ್ಕೆಯನ್ನು ಸಣ್ಣ ಡಬ್ಬದಲ್ಲಿ ಕೊಂಡುಹೋಗಿ ಪರೀಕ್ಷೆ ಮಾಡಿಸಿ. ಕಾಕ್ಸಿಡಿಯಾ ಎಂಬ ಪರೋಪಜೀವಿಯಿಂದಲೂ ಭೇದಿ ಮರುಕಳಿಸುತ್ತದೆ.

ಟೀಚರ್: ನಮ್ಮ ಕಡೆ ಪಶು ಆಸ್ಪತ್ರೆಗೆ ಹೋದರೆ ದನ, ನಾಯಿ ನೋಡುತ್ತಾರೆ. ಗಿನಿಪಿಗ್ ನೋಡುವವರು ಎಲ್ಲಿದ್ದಾರೆ?

ಡಾಕ್ಟರ್: ಮೊದಲು ನಿಮ್ಮ ತಾಲೂಕಿನ ಪಶುವೈದ್ಯರಲ್ಲಿಗೇ ಹೋಗಿ. ಅವರು ದಿನವೂ ನೋಡುವುದು ದನವನ್ನಾದರೂ ಓದಿನಲ್ಲಿ ಇದೂ ಇತ್ತು. ಈ ಪುಸ್ತಕ ತೋರಿಸಿ, ಹಿಕ್ಕೆಯ ಫೋಟೋ ತೋರಿಸಿ, ಏನು ತಿನ್ನುತ್ತದೆ, ಏನು ಬಿಡುತ್ತದೆ ಹೇಳಿ. ಅಷ್ಟು ವಿವರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಹಲ್ಲು ಅರೆಯಬೇಕೆಂದಾದರೆ ಅರಿವಳಿಕೆ ಕೊಡಬೇಕು, ಅದಕ್ಕೆ ಸಣ್ಣ ಪ್ರಾಣಿಗಳಲ್ಲಿ ಪಳಗಿದ ಕೈ ಬೇಕು. ಮಂಗಳೂರಿನಲ್ಲಿ ವಿಚಾರಿಸಿ. ಬಾಳೆಬರೆ ಘಾಟಿ ಹತ್ತಿದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿನ ಹೆಬ್ಬಾಳದಲ್ಲಿಯೂ ಇದೆ. ಫೋನು ಮಾಡಿ, ಗಿನಿಪಿಗ್‌ನ ದವಡೆ ಹಲ್ಲು ನೋಡುತ್ತೀರಾ ಎಂದು ಕೇಳಿಯೇ ಹೊರಡಿ. ನಾಯಿ ಬೆಕ್ಕಿನ ಹಾಗೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಡಿ. ದಾರಿಯುದ್ದಕ್ಕೂ ಬುಟ್ಟಿಯಲ್ಲಿ ಹುಲ್ಲು ಇರಲಿ. ಬಿಸಿಲೇರುವ ಮೊದಲೇ ಹೊರಡಿ. ಇದಕ್ಕೆ ಹಿತವಾದದ್ದು 18ರಿಂದ 24 ಡಿಗ್ರಿ. ನಮ್ಮ ಏಪ್ರಿಲ್ ಮೇ ತಿಂಗಳ ಸೆಕೆಗೆ, ತಗಡಿನ ಮಾಡಿನ ಕೆಳಗೆ ಇಟ್ಟರೆ ಮೇವು ಬಿಟ್ಟು ಮಲಗಿಬಿಡುತ್ತದೆ.

ಟೀಚರ್: ಅಷ್ಟರೊಳಗೆ ಪೂರ್ತಿ ಮೇವು ಬಿಟ್ಟರೆ?

ಡಾಕ್ಟರ್: ಆಗ ಅದು ತುರ್ತು. ಅರ್ಧ ದಿನ ಏನೂ ತಿನ್ನದಿದ್ದರೆ, ಹಿಕ್ಕೆ ಬೀಳದಿದ್ದರೆ ನಾಳೆ ನೋಡುವ ಎನ್ನಬೇಡಿ. ಕರುಳು ನಿಂತರೆ ಪ್ರಾಣಿ ಮೈಯ ಕೊಬ್ಬು ಕರಗಿಸಲು ಶುರು ಮಾಡುತ್ತದೆ, ಆ ಕೊಬ್ಬು ಯಕೃತ್ತಿನಲ್ಲಿ ತುಂಬಿ ಅದೂ ಕೆಡುತ್ತದೆ. ಹೊಟ್ಟೆ ಬಿಗಿಯಾಗಿ ಉಬ್ಬಿ, ಕೂದಲು ನಿಮಿರಿಸಿ, ಗೂನು ಬೆನ್ನು ಮಾಡಿ, ಹಲ್ಲು ಕಡಿಯುತ್ತಾ ಕೂತಿದ್ದರೆ ನೋವು ತೀವ್ರವಾಗಿದೆ ಎಂದರ್ಥ. ಆಗ ಬಾಯಿಗೆ ಏನನ್ನೂ ಹಾಕದೆ ವೈದ್ಯರಲ್ಲಿಗೆ ಓಡಿ. ನೋವಿಗೆ, ಗ್ಯಾಸಿಗೆ, ಕರುಳಿನ ಚಲನೆಗೆ, ನೀರಿನಂಶಕ್ಕೆ ಬೇರೆ ಬೇರೆ ಮದ್ದಿದೆ, ಅದನ್ನು ಅವರೇ ನಿರ್ಧರಿಸಬೇಕು. ಹೊಟ್ಟೆ ಉಬ್ಬಿಲ್ಲ, ತಿನ್ನಲು ಮಾತ್ರ ಆಗುತ್ತಿಲ್ಲ, ತಿನ್ನಿಸಿ ಎಂದು ವೈದ್ಯರು ಹೇಳಿದ್ದಾರೆ ಎಂದಾದರೆ ಪೆಲೆಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಅರೆದು, ತಣಿಸಿ ತಿನ್ನಿಸಿ. ಟವೆಲ್‌ನಲ್ಲಿ ಸುತ್ತಿ ತೊಡೆಯ ಮೇಲೆ ನೇರ ಕೂರಿಸಿ. ಅಂಗಾತ ಮಲಗಿಸಬಾರದು. ಸೂಜಿ ತೆಗೆದ ಒಂದು ಮಿಲಿಲೀಟರ್ ಸಿರಿಂಜನ್ನು ಎದುರಿನ ಹಲ್ಲಿನ ಹಿಂದೆ, ಬಾಯಿಯ ಬದಿಯಿಂದ ಇಟ್ಟು ಸ್ವಲ್ಪವೇ ಒತ್ತಿ. ಅದು ಜಗಿದು ನುಂಗಿದ್ದು ಕಂಡ ಮೇಲೆಯೇ ಮುಂದಿನದ್ದು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಟೀಚರ್: ನೆರೆಯವರು ಒಂದು ಮಾತು ಹೇಳುತ್ತಾರೆ, ಡಾಕ್ಟ್ರೇ. ಕೆಲವು ನೂರು ರೂಪಾಯಿಯ ಪ್ರಾಣಿಗೆ ಸಾವಿರಗಟ್ಟಲೆ ಯಾಕೆ ಸುರಿಯುತ್ತೀರಿ, ಸತ್ತರೆ ಇನ್ನೊಂದು ತನ್ನಿ ಅಂತ. ಮಗಳೆದುರೇ ಹೇಳಿದರು. ಅವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಡಾಕ್ಟರ್: ಮಗಳಿಗೆ ಹೇಳಿ, ಅವಳಿಗೆ ಬೇಸರವಾದದ್ದು ನ್ಯಾಯವೇ. ಕಾಡಿನ ಪ್ರಾಣಿ ಹೊಟ್ಟೆ ಕೆಟ್ಟರೆ ತನಗೆ ಬೇಕಾದ ಸೊಪ್ಪು ಹುಡುಕಿಕೊಂಡು ಹೋಗುತ್ತದೆ. ನಾವು ಪಂಜರದಲ್ಲಿಟ್ಟದ್ದಕ್ಕೆ ಆ ದಾರಿ ಇಲ್ಲ. ಅದರ ಬಾಯಿಗೆ ಹೋಗುವ ಪ್ರತಿಯೊಂದು ಎಳೆಯೂ ನಮ್ಮ ಕೈಯಿಂದ ಹೋದದ್ದು. ಹಾಗಿರುವಾಗ ಅದರ ಹೊಟ್ಟೆಯ ಹೊಣೆ ನಮ್ಮದೇ, ಕೊಟ್ಟ ಬೆಲೆ ಎಷ್ಟೇ ಇರಲಿ. ಐದರಿಂದ ಎಂಟು ವರ್ಷ ಬದುಕುವ ಜೀವ ಅದು.

ಟೀಚರ್: ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಕೊಂಡುಹೋಗುತ್ತೇನೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಮನೆಯಲ್ಲಿ ಮೊಲ, ಗಿನಿಪಿಗ್ ಇವೆ. ಅವರಿಗೂ ಹೇಳಬೇಕು. ಎಂತ ಹೇಳಲಿ?

ಡಾಕ್ಟರ್: ಗಿನಿಪಿಗ್ ತರಬೇಕೆಂದಿರುವವರಿಗೆ, ಪಂಜರ ಕೊಳ್ಳುವ ಮೊದಲು ಮಳೆಗಾಲದ ನಾಲ್ಕು ತಿಂಗಳು ಒಣಗಿದ ಹುಲ್ಲು ಎಲ್ಲಿಂದ ಬರುತ್ತದೆಂದು ಗೊತ್ತು ಮಾಡಿಕೊಳ್ಳಿ ಅನ್ನಿ. ಉತ್ತರ ಇಲ್ಲದಿದ್ದರೆ ತರುವುದು ಬೇಡ. ಈಗಾಗಲೇ ಸಾಕುತ್ತಿರುವವರು ವಾರಕ್ಕೊಮ್ಮೆ ತೂಗಿ ಬರೆದಿಡಲಿ, ದಿನವೂ ಹಿಕ್ಕೆ ನೋಡಲಿ. ಒಂದೇ ಅಳತೆಯ, ಕಂದು ಬಣ್ಣದ, ಒಡೆದರೆ ಒಳಗೆ ನಾರು ಕಾಣುವ ಹಿಕ್ಕೆ ಇದ್ದರೆ ಎಲ್ಲ ಸರಿ ಇದೆ. ಸಣ್ಣದಾದರೆ, ಒಂದಕ್ಕೊಂದು ಅಂಟಿಕೊಂಡು ಬಂದರೆ, ಮೆತ್ತಗಾದರೆ ಮದ್ದಿನ ಅಂಗಡಿಗೆ ಓಡದೆ ಮೊದಲು ಹುಲ್ಲು, ಹಲ್ಲು, ತೂಕ ನೋಡಲಿ. ಹಿಕ್ಕೆ ನಿಂತ ದಿನ ಮಾತ್ರ ಏನನ್ನೂ ನೋಡುತ್ತಾ ಕೂರದೆ ಅವತ್ತೇ ವೈದ್ಯರಲ್ಲಿಗೆ ಹೋಗಲಿ.